ಎಡಗೈಗೊಂದು ಗಾಳ

ಗಾಳ ಮತ್ತೆ ಬಳ್ಳಾರಿ ಜಾಲಿಗೆ ಸಿಕ್ಕಿಕೊಂಡಿತು.

"ಹೋಗು ಅಳಿಯಪ್ಪ, ಬಿಡಿಸ್ಕಂಡು ಬಾ," ಎಂದರು ಚಿತ್ರಲಿಂಗಪ್ಪ, ಹಳ್ಳದ ದಂಡೆಯ ಕಲ್ಲಿನ ಮೇಲೆ ಕೂತಲ್ಲಿಂದಲೇ. "ಹಂಗೇ ಗಿಡದ ಮೇಲೆ ಮೀನೇನಾದ್ರೂ ಅವೇನೋ ನೋಡು."

ರಾಜಶೇಖರ್ ಮುಳ್ಳಿನೊಳಗೆ ಕೈ ತೂರಿಸಿದ. ಅಂಗಿಯ ತೋಳು ಆಗಲೇ ಹರಿದಿತ್ತು. ಜವನಗೊಂಡನಹಳ್ಳಿಯ ಆಚೆಗಿನ ಈ ಹಳ್ಳ ಕಿರಿದು, ಎರಡೂ ದಂಡೆಯ ಜಾಲಿ ನೀರಿನ ಮೇಲೇ ಬಾಗಿದೆ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಕೋಲನ್ನು ಗಿಡ್ಡ ಮಾಡಿದ್ದ. ಗಿಡ್ಡ ಕೋಲು ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ ಎಂದು ಮೊಬೈಲಿನ ವಿಡಿಯೊದಲ್ಲಿ ಹೇಳಿದ್ದರು. ವಿಡಿಯೊದಲ್ಲಿ ಜಾಲಿ ಇರಲಿಲ್ಲ.

ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಮಾವ ಮಂಚ ಹಿಡಿದು ಗೋಡೆಯ ಕಡೆ ಮುಖ ಮಾಡಿದ್ದರು. ಮಳೆಗಾಲವೆಲ್ಲ ಹಳ್ಳದಲ್ಲೇ ಕಳೆಯುತ್ತಿದ್ದ ಮನುಷ್ಯ. ಸ್ಕೂಲ್ ಟೀಚರಾದ ಮಗಳು ಸ್ವಾತಿ, ರಾಜಶೇಖರ್‌ನ ಹೆಂಡತಿ, ಕರೆದರೂ ತಿರುಗುತ್ತಿರಲಿಲ್ಲ. ಎಡಗೈಯಲ್ಲೇ ಬೀಸಲು ಬರುವಂಥ ಹಗುರಾದ ಗಾಳದ ಕೋಲು ಮಾಡಿಕೊಡುತ್ತೇನೆಂದು ರಾಜಶೇಖರ್ ಹೊರಟಿದ್ದು ಅದಕ್ಕೇ. ಬಬ್ಬೂರು ಫಾರಂನ ಕೆಲಸ ಮುಗಿಸಿ ಬಂದ ಮೇಲೆ ದಿನಾ ಸಂಜೆ ಬಿದಿರು ಸೀಳಿದ, ಹೆರೆದ, ಸೀಳುಗಳನ್ನು ಜೋಡಿಸಿ ಅಂಟಿಸಿದ. ದಾರ ಹಾಯಲು ಉಂಗುರ ಕಟ್ಟಿದ. ಕಟ್ಟಿದ್ದು ಓರೆಯಾಯಿತೇನೋ ಎಂದು ಬಿಚ್ಚಿ ಕಟ್ಟಿದ. ಮೊದಲಿನದೇ ಸರಿಯಿತ್ತೇನೋ ಎಂದು ಮತ್ತೆ ಬಿಚ್ಚಿದ. ಕೋಲಿನ ಹಿಡಿ ಮಾವನ ಅಂಗೈಗೇ ಕೂರಬೇಕೆಂದು ಆರಿದ ರಾಗಿ ಮುದ್ದೆಯನ್ನು ಅವರಿಂದ ಹಿಸುಕಿಸಿ, ಬೆರಳು ಮೂಡಿದ ಅಚ್ಚು ನೋಡಿಕೊಂಡು ಮರ ಕೆತ್ತಿದ. "ಬೇರೆಯವರ ಅಳಿಯಂದ್ರು ಮುದ್ದೆ ಉಣ್ಣಾಕೆ ಕೊಡ್ತಾರೆ," ಎಂದು ಮಾವ ಆವತ್ತೇ ಗೊಣಗಿದ್ದರು.

ಗಾಳಕ್ಕೆ ಎರೆಹುಳುವಿನ ಬದಲು ಹುಂಜದ ಪುಕ್ಕ ಕಟ್ಟಿದ್ದ. ನೀರಿನ ಮೇಲೆ ನೊಣ ಕೂತಂತೆ ಕಂಡು ಮೀನು ಬಾಯಿ ಹಾಕುತ್ತದೆ. ಅದರಲ್ಲಿ ಅವನ ಸ್ವಾರ್ಥವೂ ಇತ್ತು. ಮೀನು ತಿನ್ನುವವರ ಮನೆಯ ಹುಡುಗಿಯನ್ನು ಮದುವೆಯಾಗುವಾಗ ಅವನ ತಾಯಿ ದಾಕ್ಷಾಯಣಮ್ಮ ಕೇಳಿದ್ದು ಒಂದೇ ಮಾತು: "ಅವರು ಏನಾದ್ರೂ ತಿನ್ಲಿ. ಲಿಂಗ ಹಿಡಿಯೋ ಕೈಯಿಂದ ನೀನು ಜೀವ ತೆಗೀಬ್ಯಾಡ." ಇಂದು ಬೆಳಿಗ್ಗೆಯೂ ಎಡ ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡುವಾಗ ಅವನಿಗೆ ಅದೇ ಯೋಚನೆ. ಕೋಲು ಮಾಡಿಕೊಟ್ಟರೆ ಕೊಂದಂತೆಯೇ? ಪುಕ್ಕ ಕಟ್ಟಿದರೆ? ಇಲ್ಲ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು ಬಂದಿದ್ದ.

ಬಿಡಿಸಿ ತಂದ ಗಾಳವನ್ನು ಮಾವ ಮತ್ತೆ ಬೀಸಿದರು. ಈ ಸಲ ನೀರಿಗೇ ಬಿತ್ತು. ಮಳೆಯ ಕೆಂಪು ನೀರು ಪುಕ್ಕವನ್ನು ನುಂಗಿಕೊಂಡು ಸುಮ್ಮನೆ ಹರಿಯಿತು.

"ಈ ಬಗ್ಗಡದಾಗೆ ನಮಗೇ ಪುಕ್ಕ ಕಾಣವಲ್ದು, ಮೀನಿಗೆ ಕಾಣ್ತೈತಾ?" ಮಾವ ಕೋಲನ್ನು ಮರಳಿಗೆ ಎಸೆದರು. "ತಿಂಗಳಾನುಗಟ್ಲೆ ಮನೆ ತುಂಬ ಅಂಟು ವಾಸ್ನೆ ಹಿಡಿಸ್ದೆ. ಕೊನೀಗೆ ಮೀನಿಗೆ ಪುಕ್ಕ ತಿನ್ಸಾಕೆ ಬಂದೀಯ."

"ಸ್ವಲ್ಪ ತಡೀರಿ ಮಾವ, ನೀರು ತಿಳಿಯಾದ್ರೆ..."

"ತಿಳಿಯಾಗೋ ಹೊತ್ತಿಗೆ ಹಳ್ಳವೇ ಇರಲ್ಲ. ಕೇಳಿಲ್ಲಿ. ಇವತ್ತು ಬರಿಗೈಲಿ ಮನೆಗೆ ಹೋದ್ರೆ, ಇನ್ನು ನನ್ನ ಮಂಚದಿಂದ ಎಬ್ಬಿಸಬ್ಯಾಡ."

ಅಷ್ಟು ಹೇಳಿ ಅವರೇ ಎಡಗೈಯಿಂದ ಒದ್ದೆ ಮಣ್ಣು ಕೆದಕಿ ಎರೆಹುಳುವೊಂದನ್ನು ಎಳೆದು ತೆಗೆದರು. ಪುಕ್ಕ ಕಿತ್ತು ಬಿಸಾಡಿದರು. ಗಾಳವನ್ನು ಎರಡು ಮೊಣಕಾಲಿನ ನಡುವೆ ಒತ್ತಿ ಹಿಡಿದು ಹುಳು ಪೋಣಿಸಲು ನೋಡಿದರು. ಜಾರಿತು. ಹಲ್ಲಿನಲ್ಲಿ ಕಚ್ಚಿ ನೋಡಿದರು, ತುಟಿಗೆ ಚುಚ್ಚಿತು. ಬಲಗೈ ತೊಡೆಯ ಮೇಲೆ ಬೇರೆ ಯಾರದೋ ಎಂಬಂತೆ ಬಿದ್ದಿತ್ತು. ರಾಜಶೇಖರ್‌ಗೆ ತಲೆ ಚಚ್ಚಿಕೊಳ್ಳುವಂತಾಯಿತು. ಒಂದು ಕೈಯಲ್ಲಿ ಬೀಸುವುದಕ್ಕೆ ಇಷ್ಟೆಲ್ಲ ಮಾಡಿದವನು, ಹುಳು ಪೋಣಿಸಲು ಎರಡು ಕೈ ಬೇಕೆಂದು ಯೋಚಿಸಲೇ ಇಲ್ಲವಲ್ಲ!

"ಸ್ವಾತಿಗೆ ಫೋನ್ ಮಾಡ್ಲಾ ಮಾವ? ಸ್ಕೂಲು ಬಿಟ್ಟ ತಕ್ಷಣ..."

"ಮಾಡು. ಅವಳು ಬರೋ ಹೊತ್ತಿಗೆ ಮೀನು ಆಂಧ್ರಕ್ಕೆ ಹೋಗಿರ್ತವೆ."

ಇನ್ನೊಂದು ಮಾತು ಬೈಯುತ್ತಾರೆಂದು ರಾಜಶೇಖರ್ ಕಾದ. ಮಾವ ನಿಧಾನಕ್ಕೆ ಹಳ್ಳಕ್ಕೆ ಬೆನ್ನು ಮಾಡಿ, ಎದುರಿನ ಬರಿಯ ಮಣ್ಣಿನ ದಿಬ್ಬ ನೋಡುತ್ತಾ ಕೂತರು. ಮನೆಯಲ್ಲಿ ಗೋಡೆ ನೋಡುವ ಹಾಗೆಯೇ.

ರಾಜಶೇಖರ್ ಬಂದು ಅವರೆದುರು ಕುಕ್ಕರಗಾಲಲ್ಲಿ ಕೂತ.

"ಗಾಳ ನೀವು ಹಿಡ್ಕಳ್ರಿ. ಹುಳ ಇತ್ತ ಕೊಡ್ರಿ."

ಮಾವ ಅವನ ಮುಖ ನೋಡಿದರು. ಹುಳು ಅವನ ಬಲಗೈಗೆ ಬಂತು, ತಣ್ಣಗೆ, ಜೀವಂತ. ಅವನ ಎಡಗೈ ಆಗಲೇ ಮುಷ್ಟಿಯಾಗಿ ಬೆನ್ನ ಹಿಂದೆ ಸೇರಿತ್ತು.

"ಆ ಕೈಗೇನಾತಪ್ಪ? ಅದಕ್ಕೂ ಲಕ್ವ ಹೊಡೀತಾ?"

"ಅದು ಬ್ಯಾಡ ಮಾವ. ಒಂದರಾಗೇ ಮಾಡ್ತೀನಿ."

ಚಿತ್ರಲಿಂಗಪ್ಪ ಅವನ ಕೊರಳಲ್ಲಿ ಲಿಂಗ ಕಟ್ಟಿದ ಶಿವದಾರವನ್ನು ಒಂದು ಗಳಿಗೆ ನೋಡಿದರು. ಗಾಳವನ್ನು ಅವನ ಹತ್ತಿರಕ್ಕೆ ಸರಿಸಿದರು.

"ತಲೆ ಕಡೆಯಿಂದ ಚುಚ್ಚು. ಲೇ, ಕಣ್ಣು ಬಿಟ್ಕಂಡು ಚುಚ್ಚೋ, ನನ್ನ ಬೆರಳು ಐತೆ ಅಲ್ಲಿ!"

ಒಬ್ಬರ ಎಡಗೈಯೂ ಇನ್ನೊಬ್ಬನ ಬಲಗೈಯೂ ಒಂದು ಎರೆಹುಳುವಿನ ಸುತ್ತ ತಡವರಿಸಿದವು. ಮುದ್ದೆಯ ಅಚ್ಚು ನೋಡಿ ಹಿಡಿ ಕೆತ್ತಿದ ಕೋಲು ಪಕ್ಕದ ಮರಳಲ್ಲಿ ಬಿದ್ದಿತ್ತು. ಅದನ್ನು ಹಿಡಿಯಲು ಈಗ ಯಾರ ಕೈಗೂ ಪುರುಸೊತ್ತಿರಲಿಲ್ಲ.