ಟೀಚರ್ ಕೈ ಕೆಳಗಿಳಿಸಿದ ದಿನ

ನಗುವಾಗ ಬಾಯಿಗೆ ಕೈ ಅಡ್ಡ ಇಡುವವರು ನಿಮ್ಮ ಮನೆಯಲ್ಲೂ ಇದ್ದರೆ, ಇದನ್ನು ಅವರಿಗೆ ಓದಿ ಹೇಳಿ...

ಹಿರಿಯೂರಿನ ಒಂದು ಅಂಗನವಾಡಿ. ಅಲ್ಲಿ ಸರ್ವಮಂಗಳ ಎನ್ನುವ ಟೀಚರ್.

ಮಕ್ಕಳಿಗೆ ಹಾಡು ಕಟ್ಟಿ ಹೇಳಿಕೊಡುವುದರಲ್ಲಿ ಅವರದು ಎತ್ತಿದ ಕೈ... ಆದರೆ ಆ ಕೈ ಯಾವಾಗಲೂ ಬಾಯಿಯ ಮೇಲೇ!

ಮುಂದಿನ ಎರಡು ಹಲ್ಲುಗಳ ನಡುವೆ ಹುಳುಕು ಹಿಡಿದು ಕಪ್ಪಾಗಿತ್ತು. ಮೊದಮೊದಲು ನಗುವಾಗ ಕೈ ಅಡ್ಡ ಬಂತು. ಆಮೇಲೆ ಮಾತಿಗೂ ಬಂತು, ಹಾಡಿಗೂ ಬಂತು...

"ಡಾಕ್ಟ್ರಿಗೆ ತೋರಿಸ್ಕೋಬಾರ್ದಾ?" ಎಂದು ಯಾರಾದರೂ ಕೇಳಿದರೆ, "ಸಿಮೆಂಟ್ ಹಾಕಿದ್ರೆ ಮಿಣಮಿಣ ಅನ್ನುತ್ತೆ ಕಣ್ರೀ. ಕಪ್ಪು ಹೋಗಿ ತಗಡು ಬಂದಂಗೆ!" ಎನ್ನುತ್ತಿದ್ದರು.

ಅವರ ತಾಯಿಯ ದವಡೆ ಹಲ್ಲಿಗೆ ಹಿಂದೆ ಹಾಕಿದ್ದು ಬೆಳ್ಳಿ ಬಣ್ಣದ್ದು. ಲೋಕದಲ್ಲಿ ಇರುವುದು ಅದೊಂದೇ ಎಂದುಕೊಂಡಿದ್ದರು, ಪಾಪ.

ಮಕ್ಕಳ ದಿನಾಚರಣೆ ಬಂತು. ಪುಟಾಣಿಗಳು ಸ್ಟೇಜ್ ಮೇಲೆ ಸಾಲಾಗಿ ನಿಂತವು. ಎದುರಿಗೆ ಮೊಬೈಲ್ ಹಿಡಿದ ಅಪ್ಪ ಅಮ್ಮಂದಿರು.

ಹಲಸಿನ ಹಣ್ಣಿನ ಹಾಡು ಶುರುವಾಯಿತು... ಅಷ್ಟೂ ಮಕ್ಕಳು ಕೈ ಎತ್ತಿ ಬಾಯಿ ಮುಚ್ಚಿಕೊಂಡವು!

ಮೈಕಿನಲ್ಲಿ ಬರೀ ಗುಂಯ್ ಗುಂಯ್.

"ಕೈ ತೆಗೀರೋ!" ಎಂದು ಅಪ್ಪಂದಿರು ಕೂಗಿದರು. ಇಂಪನಾ ಎನ್ನುವ ಪುಟ್ಟ ಹುಡುಗಿಗೆ ಸಿಟ್ಟೇ ಬಂತು.

"ಹಾಡು ಇರೋದೇ ಹಿಂಗೆ! ನಮ್ ಟೀಚರ್ ಹಿಂಗೇ ಹೇಳ್ಕೊಟ್ಟಿರೋದು!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಟೀಚರ್ ಮಾತ್ರ ಪರದೆಯ ಹಿಂದೆ ನಿಂತು ಅತ್ತುಬಿಟ್ಟರು. ನನ್ನ ನಾಚಿಕೆಯನ್ನು ಈ ಕೂಸುಗಳಿಗೂ ಅಂಟಿಸಿಬಿಟ್ಟೆನಲ್ಲಾ...

ಮರುದಿನವೇ ದಂತವೈದ್ಯೆ ಡಾ. ನುಸ್ರತ್ ಅವರ ಕ್ಲಿನಿಕ್ ಮೆಟ್ಟಿಲು ಹತ್ತಿದರು.

"ಹಲ್ಲಿನ ಬಣ್ಣದ್ದೇ ಸಿಗುತ್ತೆ ಟೀಚರ್. ಗ್ಲಾಸ್ ಅಯನೋಮರ್ ಅಂತ ಒಂದಿದೆ. ಒಸಡಿನ ಹತ್ರ ಸ್ವಲ್ಪ ಪಸೆ ಇದ್ರೂ ಹಿಡ್ಕೊಳ್ಳುತ್ತೆ, ಹುಳುಕು ತಡೆಯೋ ಫ್ಲೋರೈಡ್ ಬೇರೆ ಬಿಡುತ್ತೆ. ಆದ್ರೆ ಹೊಳಪು ಕಮ್ಮಿ, ಬೇಗ ಸವೆಯುತ್ತೆ."

"ಇನ್ನೊಂದು?"

"ಕಾಂಪೋಸಿಟ್. ಗಟ್ಟಿ, ನಿಮ್ಮ ಹಲ್ಲಿನ ಬಣ್ಣಕ್ಕೇ ಹೊಂದಿಸ್ಬೋದು. ಹಾಕೋವಾಗ ಹಲ್ಲು ಪೂರ್ತಿ ಒಣಗಿರ್ಬೇಕು. ಟೀ ಕಾಫಿ ಅತಿಯಾದ್ರೆ ಕರೆ ಹಿಡಿಯುತ್ತೆ. ನಿಮ್ಮ ಮುಂದಿನ ಹಲ್ಲಿಗೆ ಇದೇ ಸರಿ."

"ಹಂಗಾದ್ರೆ ಇರೋದ್ರಲ್ಲೇ ತುಂಬಾ ಬಿಳೀದು ಹಾಕಿಬಿಡಿ ಡಾಕ್ಟ್ರೇ!"

ಡಾಕ್ಟರ್ ನಕ್ಕರು. "ಬೇಡ ಟೀಚರ್, ಅದೇ ಎದ್ದು ಕಾಣುತ್ತೆ. ನಿಮ್ಮ ಹಲ್ಲಿನ ಬಣ್ಣಾನೇ ಚೆನ್ನಾಗಿದೆ."

ಹಲ್ಲು ತುಂಬಿಸಿಕೊಂಡು ಬಂದ ಟೀಚರ್ ಸೋಮವಾರ ಮತ್ತೆ ಹಾಡು ಶುರು ಮಾಡಿದರು. ಅಭ್ಯಾಸ ಬಲ ನೋಡಿ, ಕೈ ತಾನಾಗಿ ಮೇಲೆದ್ದಿತು... ಅರ್ಧಕ್ಕೇ ತಡೆದು ಕೆಳಗಿಳಿಸಿದರು.

ಬಾಯಿಗೆ ಕೈ ಅಡ್ಡ ಇಟ್ಟು ಹಾಡುತ್ತಿದ್ದ ಮಕ್ಕಳು ಹಾಡು ನಿಲ್ಲಿಸಿ ಪಿಳಿಪಿಳಿ ನೋಡಿದವು.

ಇಂಪನಾ ಹತ್ತಿರ ಬಂದು ಕೇಳಿದಳು. "ಟೀಚರ್... ಹಾಡು ಬದ್ಲಾಯ್ತಾ?"

ಟೀಚರ್ ಕಣ್ಣು ತುಂಬಿ ಬಂತು.

"ಇಲ್ಲ ಕಣೇ ಚಿನ್ನ, ಹಾಡು ಅದೇ. ನಿಮ್ ಟೀಚರೇ ತಪ್ಪು ಹೇಳ್ಕೊಟ್ಟಿದ್ಲು."

ಒಂದೊಂದೇ ಪುಟ್ಟ ಕೈ ಕೆಳಗಿಳಿಯಿತು... ಆಮೇಲೆ ಹಲಸಿನ ಹಣ್ಣಿನ ಹಾಡು ಎಷ್ಟು ಜೋರಾಗಿ ಎದ್ದಿತೆಂದರೆ, ಪಕ್ಕದ ಹಿಟ್ಟಿನ ಗಿರಣಿಯವರು ಕೆಲಸ ನಿಲ್ಲಿಸಿ ಬಾಗಿಲಿಗೆ ಬಂದು ನಿಂತರು.

ನಾವು ಮುಚ್ಚಿಟ್ಟುಕೊಂಡ ನಾಚಿಕೆಯನ್ನೂ ಮಕ್ಕಳು ಪಾಠವೆಂದೇ ಕಲಿಯುತ್ತಾರೆ.

ನಿಮ್ಮನ್ನು ನೋಡಿ ನಿಮ್ಮ ಮನೆಯ ಮಗು ಇವತ್ತು ಏನು ಕಲಿಯಿತು... ಒಮ್ಮೆ ಯೋಚಿಸಿ ನೋಡುತ್ತೀರಾ?