ಹಿಂದಿನ ಸಾಲು

ಆರನೇ ತರಗತಿಗೆ ಬಂದವರು ಸಂಗೀತ, ಚಿತ್ರಕಲೆ, ಹೊಲಿಗೆ ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬೇಕಿತ್ತು. ಅವರಲ್ಲೊಬ್ಬ ಹುಡುಗಿಯ ದನಿ ಕೇಳಿದ್ದ ಸಂಗೀತದ ಟೀಚರ್ ಅವಳ ತಾಯಿಯನ್ನು ತಾವೇ ಕರೆಸಿ ಕೂರಿಸಿಕೊಂಡರು.

"ಹೊಲಿಗೆಗೆ ಮಾತ್ರ ಹಾಕ್ಬೇಡಿ. ಇಂಥ ಕಂಠ ನನಗೆ ಇದುವರೆಗೂ ಸಿಕ್ಕಿರಲಿಲ್ಲ. ಈ ವರ್ಷ ನನ್ನ ರಿಟೈರ್‌ಮೆಂಟು. ಸ್ಕೂಲ್ ಡೇ ದಿನ ಇವಳೊಬ್ಬಳೇ ಹಾಡಲಿ, ನನಗಷ್ಟು ಸಾಕು."

"ನಾನೂ ನಿಮ್ಮ ಸ್ಟೂಡೆಂಟೇ ಟೀಚರ್. ಪ್ರಾರ್ಥನೆ ತಂಡದಲ್ಲಿ ಇದ್ದೆ, ಹಿಂದಿನ ಸಾಲು."

"ಹೌದೇನಮ್ಮ? ನೆನಪಾಗ್ತಿಲ್ವಲ್ಲ."

"ಹೇಗೆ ನೆನಪಿರತ್ತೆ? ನೀನು ಬರೀ ಬಾಯಿ ಆಡಿಸು, ದನಿ ಹೊರಗೆ ಬರಬಾರದು ಅಂದಿದ್ರಿ. ಮೂರು ವರ್ಷ ಹಾಗೇ ನಿಂತಿದ್ದೆ."

ಟೀಚರ್ ನಕ್ಕರು. "ಅಪಸ್ವರದವರಿಗೆಲ್ಲ ಹಾಗೇ ಹೇಳ್ತಿದ್ದೆ. ಅದನ್ನ ಇನ್ನೂ ಮನಸ್ಸಲ್ಲಿ ಇಟ್ಕೊಂಡಿದ್ದೀಯಾ?"

"ಛೆ, ಇಲ್ಲ ಟೀಚರ್. ಸಂಗೀತ ಅಂತಲೇ ಬರ್ಕೊಳ್ಳಿ. ಮನೇಲಿ ನಾನೂ ಅಭ್ಯಾಸ ಮಾಡಿಸ್ತೀನಿ."

ವಾರ್ಷಿಕೋತ್ಸವದ ಸಂಜೆ ಸಭಾಂಗಣ ತುಂಬಿತ್ತು. ನಿವೃತ್ತರಾಗಲಿರುವ ಗುರುವಿಗೆ ಶಿಷ್ಯೆಯ ಕಾಣಿಕೆ ಎಂದು ನಿರೂಪಕರು ಮೈಕಿನಲ್ಲಿ ಹೇಳಿದರು. ರೇಷ್ಮೆ ಸೀರೆ ಉಟ್ಟಿದ್ದ ಟೀಚರ್ ಹಾರ್ಮೋನಿಯಂ ಮುಂದೆ ಕುಳಿತು ಶ್ರುತಿ ಹಿಡಿದರು. ಮುಂದಿನ ಸಾಲಿನಲ್ಲಿ ಜಾಗ ಕಾದಿರಿಸಿದ್ದರೂ ತಾಯಿ ಕೊನೆಯ ಸಾಲಿನಲ್ಲೇ ಕುಳಿತಿದ್ದಳು.

ಟೀಚರ್ ಶುರು ಮಾಡು ಎಂಬಂತೆ ತಲೆಯಾಡಿಸಿದರು. ಹುಡುಗಿ ಮೈಕಿನ ಹತ್ತಿರ ಬಂದು, ಕೊನೆಯ ಸಾಲಿನ ಕಡೆಗೊಮ್ಮೆ ನೋಡಿ, ಪಲ್ಲವಿಯಿಂದ ಕೊನೆಯ ಚರಣದವರೆಗೂ ಬರೀ ಬಾಯಿ ಆಡಿಸಿದಳು.