ಗ್ಯಾಲರಿಯಲ್ಲಿ ಸುಗುಣಾ

“ಎಂತ ಮಗಾ, ಇದರಲ್ಲಿ ನಿನ್ನ ಅಮ್ಮ ಒಂದರಲ್ಲೂ ಇಲ್ವಲ್ಲ?” ಎಂದರು ಕಿಟ್ಟಣ್ಣ, ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡು.

ಹರ್ಷಿಣಿ ಅಪ್ಪನ ಪಕ್ಕದಿಂದ ಪರದೆಯತ್ತ ಬಗ್ಗಿದಳು. ಚೆನ್ನೈನ ತ್ರಿಪ್ಲಿಕೇನಿನ ತಮ್ಮ ಹೋಟೆಲಿನ ವೆಬ್‌ಸೈಟನ್ನು ಜಾಂಗೊ ಎಂಬ ಸಾಫ್ಟ್‌ವೇರ್ ಬಳಸಿ ಕಟ್ಟಿದವಳು ಅವಳೇ. ಅದಕ್ಕೊಂದು ಫೋಟೋ ಗ್ಯಾಲರಿ ಜೋಡಿಸಲು ಬೆಳಗಿನಿಂದ ಹೆಣಗಿ, ಒಂದು ಎರರ್ ಹೋದರೆ ಇನ್ನೊಂದು ಬಂದು, ಮಧ್ಯಾಹ್ನದ ಊಟದ ಗಲಾಟೆ ಮುಗಿಯುವಾಗ ಅಂತೂ ಇಂತೂ ನಲವತ್ತು ಫೋಟೋ ಏರಿಸಿದ್ದಳು. ಅಪ್ಪ ಕೇಳಿದ್ದು ಒಂದೇ. ನಾಡಿದ್ದು ಅಮ್ಮ ಸುಗುಣಾಳ ವರ್ಷಾಂತಿಕಕ್ಕೆ ಊರಿಂದ ಬರುವ ನೆಂಟರಿಗೆ ತೋರಿಸಲು, ಈ ಹೋಟೆಲಿನಲ್ಲಿ ಅವಳು ನಿಂತಿರುವ ಒಂದು ಒಳ್ಳೆಯ ಫೋಟೋ ಬೇಕು.

“ಇದ್ದಾಳೆ ಅಪ್ಪ, ಕೊಂಜಂ ಇರಿ, ಒಂದು ನಿಮಿಷ. ಈ ಗ್ಯಾಲರಿ ಫೋಟೋದ ನಡುಭಾಗ ಮಾತ್ರ ಇಟ್ಕೊಂಡು ಎರಡೂ ಬದಿ ಕತ್ತರಿಸ್ತದೆ. ನಾವು ಬದಲಿಸದಿದ್ರೆ ಡೀಫಾಲ್ಟ್ ಹಾಗೆ. ಅಮ್ಮ ಯಾವಾಗ್ಲೂ ಬದಿಯಲ್ಲೇ ನಿಲ್ತಿದ್ದದ್ದಲ್ವ?”

ನಡುವೆ ಎಲ್ಲಿ ನೋಡಿದರೂ ಕಿಟ್ಟಣ್ಣನೇ. ಹೊಸ ಗ್ರೈಂಡರಿಗೆ ಕುಂಕುಮ ಹಚ್ಚುವ ಕಿಟ್ಟಣ್ಣ, ಆಯುಧಪೂಜೆಯ ದಿನ ಕೆಲಸದವರ ಮಧ್ಯೆ ಹಾರ ಹಾಕಿಕೊಂಡ ಕಿಟ್ಟಣ್ಣ. ನೋಡಿದವರಿಗೆ ಹೋಟೆಲನ್ನು ಇವರೊಬ್ಬರೇ ನಡೆಸಿದ ಹಾಗೆ ಕಾಣಬೇಕು.

ಹರ್ಷಿಣಿ ಸೆಟ್ಟಿಂಗ್ಸ್ ಫೈಲಿನಲ್ಲಿ ಬದಿ ಕತ್ತರಿಸದಂತೆ ಬದಲಾಯಿಸಿದಳು. ಮೊದಲು ಕತ್ತರಿಸಿ ಮಾಡಿದ್ದ ಚಿಕ್ಕ ಚಿತ್ರಗಳನ್ನೆಲ್ಲ ಅಳಿಸಿ ಹೊಸದಾಗಿ ಮಾಡಿಸಿದಳು. ಪುಟ ತೆರೆದುಕೊಂಡಿತು, ಅಮ್ಮ ಬಂದಳು. ಒಂದರಲ್ಲಲ್ಲ, ಹನ್ನೊಂದು ಫೋಟೋದಲ್ಲಿ! ಖುಷಿಯಿಂದ ಒಂದೊಂದನ್ನೇ ದೊಡ್ಡದು ಮಾಡಿ ನೋಡುತ್ತ ಹೋದಳು. ಒಂದರಲ್ಲಿ ಕಿವಿಯೋಲೆ ಮಾತ್ರ, ಇನ್ನೊಂದರಲ್ಲಿ ಜಡೆ. ಮತ್ತೊಂದರಲ್ಲಿ ಸೆರಗಿಗೆ ಕೈ ಒರೆಸುತ್ತ ಹೊರಟ ಬೆನ್ನು. ಹನ್ನೊಂದರಲ್ಲೂ ಅಮ್ಮ ಅಡುಗೆಮನೆಯ ಕಡೆ ತಿರುಗಿದ್ದಳು. ಮುಖ ಕಾಣುವ ಫೋಟೋ ಒಂದೂ ಇರಲಿಲ್ಲ.

ಇದನ್ನು ಸರಿಮಾಡುವ ಸೆಟ್ಟಿಂಗ್ ಯಾವ ಫೈಲಿನಲ್ಲೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಅಪ್ಪನನ್ನು ಸಮಾಧಾನ ಮಾಡುವುದೊಂದೇ ಉಳಿದದ್ದು.

“ಅಮ್ಮನಿಗೆ ಫೋಟೋ ಅಂದ್ರೆ ಆಗ್ತಿರ್ಲಿಲ್ಲ, ಅಲ್ವ ಅಪ್ಪ?”

ಕಿಟ್ಟಣ್ಣ ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಆಗ್ತಿತ್ತು ಮಗಾ. ಪ್ರತಿ ಸಲ ಒಳ್ಳೆ ಸೀರೆ ಉಟ್ಕೊಂಡು ಬಂದು ನಿಲ್ತಿದ್ಳು. ಫೋಟೋದವ ‘ರೆಡಿಯಾ’ ಅಂತ ಕೇಳುವಾಗ, ‘ಒಲೆ ಮೇಲೆ ಸಾಂಬಾರುಂಟು, ಹೋಗಿ ನೋಡು’ ಅಂತ ಹೇಳ್ತಿದ್ದದ್ದು ನಾನು.”